ಹೌಸಿಂಗಿನ ಎಣ್ಣೆ

ಮೊನ್ನೆ ರಾತ್ರಿ ಚಿಕ್ಕಪ್ಪನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅವರ ಫೋನ್ ಹೊಡೆದುಕೊಂಡಿತು. ಆ ಕಡೆ ಅವರ ಮಗ, ನನ್ನ ತಮ್ಮ. ಹಿರಿಯೂರಿನ ಹತ್ತಿರ ಹೆದ್ದಾರಿ ಬದಿಯ ಆಯಿಲ್ ಅಂಗಡಿ ಮುಂದೆ ಲಾರಿ ನಿಲ್ಲಿಸಿಕೊಂಡು ಕೇಳುತ್ತಿದ್ದ: "ಅಪ್ಪಾ, ಹೌಸಿಂಗಿಂದ ಆಯಿಲ್ ಜಿನುಗಿ ಲೆವೆಲ್ ಇಳಿದೈತೆ. ಇಲ್ಲಿ 90 ಐತೆ, 140 ಐತೆ. 140 ಹಾಕ್ಸಿ, ಗಟ್ಟಿಯಾಗಿರುತ್ತೆ ಅಂತಾವ್ರೆ ಅಂಗಡಿಯೋರು. ಯಾವ್ದು ಹಾಕ್ಸ್‌ಲಿ?"

ಹೌಸಿಂಗ್ ಅಂದರೆ ಲಾರಿಯ ಹಿಂದಿನ ಆ್ಯಕ್ಸಲಿನ ನಡುವೆ ಗೇರುಗಳಿರುವ ಪೆಟ್ಟಿಗೆ. ಚಿಕ್ಕಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ನಂಬರ್ ಆಮೇಲೆ ಹೇಳು ಮಗ. ಡಬ್ಬದ ಮೇಲೆ ಜಿಎಲ್ ಎಷ್ಟು ಅಂತ ಬರೆದಿರ್ತಾರೆ, ಮೊದ್ಲು ಅದನ್ನ ಓದು."

ಈ ಒಂದು ಮಾತನ್ನು ಕಲಿಯಲು ಅವರು ಶಿರಾಡಿ ಘಾಟಿಯಲ್ಲಿ ಒಂದು ಇಡೀ ರಾತ್ರಿ ಮಳೆಯಲ್ಲಿ ಕೂತಿದ್ದರು. ಪಕ್ಕದಲ್ಲಿ ನಾನಿದ್ದೆ.

ಆಗ ನನಗೆ ಪಿಯುಸಿ ರಜೆ. ಕ್ಲೀನರ್ ಹುಡುಗ ಊರಿಗೆ ಹೋಗಿದ್ದರಿಂದ ನಾನೇ ಎಡಗಡೆ ಸೀಟು ಹತ್ತಿದ್ದೆ. ಪಣಂಬೂರಿನಲ್ಲಿ ಗೊಬ್ಬರ ತುಂಬಿಕೊಂಡು ಹಾಸನದ ಕಡೆ ಹೊರಟಿದ್ದೆವು. ಈಗಿನ 75ನೇ ಹೆದ್ದಾರಿಗೆ ಆಗ 48 ಅನ್ನುವ ಸಂಖ್ಯೆ. ಗುಂಡ್ಯ ದಾಟಿ ಏರು ಶುರುವಾಗುತ್ತಲೇ ಹಿಂದಿನಿಂದ ದುಂಬಿ ಗುಂಯ್‌ಗುಟ್ಟಿದಂಥ ಸದ್ದು. ಆಕ್ಸಿಲರೇಟರ್ ತುಳಿದರೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಚಿಕ್ಕಪ್ಪ ಮಾತು ನಿಲ್ಲಿಸಿ ಕಿವಿಗೊಟ್ಟರು. ಮಾರನಹಳ್ಳಿಗೆ ಇನ್ನೂ ದೂರವಿತ್ತು. ಒಂದು ತಿರುವಿನಲ್ಲಿ ಕಟಕಟ ಎಂದಿತು, ಆಮೇಲೆ ಕಬ್ಬು ಮುರಿದಂಥ ಒಂದು ಏಟು. ಎಂಜಿನ್ ಓಡುತ್ತಿದೆ, ಗೇರಿನಲ್ಲೇ ಇದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. "ಕಲ್ಲು ಕೊಡೋ!" ಎಂದು ಕೂಗಿದರು. ನಾನು ಧುಮುಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಬ್ರೇಕ್ ಚೆನ್ನಾಗಿತ್ತು. ಇಲ್ಲದಿದ್ದರೆ ಹಿಂದೆಯೇ ಬರುತ್ತಿದ್ದ ಗ್ಯಾಸ್ ಟ್ಯಾಂಕರಿನ ಕಥೆ ಏನಾಗುತ್ತಿತ್ತೋ, ಇವತ್ತಿಗೂ ಯೋಚಿಸಲು ಧೈರ್ಯವಿಲ್ಲ.

ಬೆಳಿಗ್ಗೆ ಸಕಲೇಶಪುರದಿಂದ ಬೈಕಿನಲ್ಲಿ ಬಂದ ಮೇಸ್ತ್ರಿ ಡ್ರೇನ್ ಪ್ಲಗ್ ಬಿಚ್ಚಿದರು. ಹರಿದುಬಂದ ಎಣ್ಣೆ ಕರಿಕಪ್ಪು. ಬಿಸಿಲಿಗೆ ಹಿಡಿದರೆ ಒಳಗೆ ಬೆಳ್ಳಿಯ ಹುಡಿ ಕಲಸಿದಂತೆ ಮಿಣಮಿಣ. ಪ್ಲಗ್ಗಿನ ತುದಿಯಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದಿಯಂಥ ನಯವಾದ ಪುಡಿ ಅಂಟಿದ್ದರೆ ಹೆದರುವ ಕಾರಣವಿಲ್ಲ, ಅದು ಸಹಜ ಸವೆತ. ನಮ್ಮದಕ್ಕೆ ಅಂಟಿದ್ದು ಉಗುರಿನ ಚೂರಿನಂಥ ಉಕ್ಕು. "ಏನು ಆಯಿಲ್ ಹಾಕಿಸಿದ್ರಿ ಅಣ್ಣಾ?" ಎಂದು ಮೇಸ್ತ್ರಿ ಕೇಳಿದರು. ಉಳಿದ ಎಣ್ಣೆಯ ಡಬ್ಬ ಕ್ಯಾಬಿನ್ನಿನಲ್ಲೇ ಇತ್ತು. ತಂದು ತೋರಿಸಿದೆವು. 90 ಎಂದು ದೊಡ್ಡಕ್ಷರದಲ್ಲಿ ಬರೆದಿತ್ತು, ಕೆಳಗೆ ಸಣ್ಣಕ್ಷರದಲ್ಲಿ ಜಿಎಲ್-4. ಮೇಸ್ತ್ರಿ ಆ ಸಣ್ಣಕ್ಷರದ ಮೇಲೆ ಬೆರಳಿಟ್ಟು, "ಇದು ಗೇರ್‌ಬಾಕ್ಸಿಂದು. ಈ ಗಾಡಿ ಕ್ರೌನು ಇದನ್ನ ತಡೆಯಲ್ಲ" ಎಂದರು.

ಹಿಂದಿನ ತಿಂಗಳು ಸರ್ವಿಸ್ ಮಾಡಿದ ಗ್ಯಾರೇಜಿನವರು ಹಾಕಿದ್ದು ಅದು. ಅವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ ಎಂದೇ ನಾನು ನಂಬುತ್ತೇನೆ. ಅವರು ಕೈಪಳಗಿಸಿಕೊಂಡಿದ್ದ ಹಳೆಯ ಗಾಡಿಗಳ ಹೌಸಿಂಗಿಗೆ ಆ ಎಣ್ಣೆಯೇ ನಡೆದುಹೋಗುತ್ತಿತ್ತು. ಗಾಡಿ ಬದಲಾಗಿತ್ತು, ಹಲ್ಲಿನ ಆಕಾರ ಬದಲಾಗಿತ್ತು. ಅಂಗಡಿಯ ಮೂಲೆಯ ಪೀಪಾಯಿ ಬದಲಾಗಿರಲಿಲ್ಲ.

ಹಲ್ಲಿನ ಆಕಾರದಲ್ಲೇ ಎಲ್ಲ ಇದೆ. ಎಂಜಿನ್ನಿನಿಂದ ಬರುವ ಶಾಫ್ಟು ಗಾಡಿಯ ಉದ್ದಕ್ಕೆ ಚಾಚಿಕೊಂಡು ತಿರುಗುತ್ತದೆ, ಚಕ್ರದ ಶಾಫ್ಟು ಇರುವುದು ಅಡ್ಡಕ್ಕೆ. ಅದನ್ನು ಇದಕ್ಕೆ ದಾಟಿಸುವುದು ಹೌಸಿಂಗಿನೊಳಗಿನ ಎರಡು ಗೇರುಗಳು. ಒಂದು ಮುಷ್ಟಿಗಾತ್ರದ ಪಿನಿಯನ್, ಇನ್ನೊಂದು ಊಟದ ತಟ್ಟೆಯಷ್ಟಗಲದ ಕ್ರೌನ್. ಪಿನಿಯನ್ನಿಗೆ 7 ಹಲ್ಲು, ಕ್ರೌನಿಗೆ 41 ಹಲ್ಲು ಎಂದಿಟ್ಟುಕೊಳ್ಳಿ. ಪಿನಿಯನ್ ಆರು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿದಾಗ ಕ್ರೌನ್ ಒಂದು ಸುತ್ತು ಮುಗಿಸುತ್ತದೆ. ವೇಗ ಎಷ್ಟು ಪಟ್ಟು ಇಳಿಯಿತೋ ಎಳೆಯುವ ಬಲ ಹೆಚ್ಚುಕಡಿಮೆ ಅಷ್ಟು ಪಟ್ಟು ಏರುತ್ತದೆ. ಘಾಟಿಯ ಏರಿನಲ್ಲಿ ಗೇರ್‌ಬಾಕ್ಸು ಮೊದಲೇ ಹೆಚ್ಚಿಸಿ ಕಳಿಸಿದ ಬಲವನ್ನು ಇದು ಮತ್ತೆ ಹೆಚ್ಚಿಸಬೇಕು. ಅಷ್ಟೂ ಭಾರ ಆ ಕ್ಷಣಕ್ಕೆ ಕಚ್ಚಿಕೊಂಡಿರುವ ಎರಡು ಮೂರು ಹಲ್ಲುಗಳ ಮೇಲೆ ಬೀಳುತ್ತದೆ.

ಹಳೆಯ ಗಾಡಿಗಳಲ್ಲಿ ಪಿನಿಯನ್ನಿನ ನಡುಗೆರೆ ಕ್ರೌನಿನ ನಡುಗೆರೆಗೆ ನೇರವಾಗಿ ಬಂದು ಸೇರುತ್ತಿತ್ತು. ಅಲ್ಲಿ ಹಲ್ಲಿನ ಮೇಲೆ ಹಲ್ಲು ಬಹುಪಾಲು ಉರುಳುತ್ತದೆ, ಚಪಾತಿಯ ಮೇಲೆ ಲಟ್ಟಣಿಗೆ ಉರುಳಿದ ಹಾಗೆ. ಅಮೆರಿಕದ ಪ್ಯಾಕರ್ಡ್ ಕಂಪನಿ 1926ರಲ್ಲಿ ತನ್ನ ಕಾರುಗಳಿಗೆ ಹೈಪಾಯ್ಡ್ ಗೇರು ಕೂರಿಸಿತು. ಇದರಲ್ಲಿ ಪಿನಿಯನ್ ಕ್ರೌನಿನ ನಡುವಿಗಿಂತ ಕೆಳಗೆ ಕೂರುತ್ತದೆ. ಶಾಫ್ಟು ಕೆಳಗಿಳಿದದ್ದರಿಂದ ಕಾರಿನ ನೆಲವನ್ನೂ ತಗ್ಗಿಸಬಹುದಾಯಿತು. ಪಿನಿಯನ್ ದಪ್ಪವಾಯಿತು, ಹಲ್ಲು ಬಲವಾಯಿತು, ಸದ್ದು ಕಡಿಮೆಯಾಯಿತು. ಆದರೆ ಹೀಗೆ ಪಕ್ಕಕ್ಕೆ ಸರಿದು ಕಚ್ಚುವ ಹಲ್ಲು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುತ್ತದೆ. ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯುವುದನ್ನು ನೆನೆಸಿಕೊಳ್ಳಿ. ಟನ್ನುಗಟ್ಟಲೆ ಒತ್ತಡದಲ್ಲಿ ಉಕ್ಕಿನ ಮೇಲೆ ಉಕ್ಕನ್ನು ಹಾಗೆ ತೇಯುತ್ತಾ ಹೋದರೆ ಸಾಮಾನ್ಯ ಎಣ್ಣೆಯ ಪೊರೆ ಹಿಂಡಿ ಹೊರಬಂದುಬಿಡುತ್ತದೆ. ಬರಿ ಉಕ್ಕಿಗೆ ಬರಿ ಉಕ್ಕು ತಾಗಿ, ಆ ಕಾವಿಗೆ ಚುಕ್ಕೆಚುಕ್ಕೆಯಾಗಿ ಬೆಸೆದುಕೊಂಡು, ಮರುಕ್ಷಣ ಕಿತ್ತು ಬರುತ್ತದೆ. ನಮ್ಮ ಡ್ರೇನ್ ಪ್ಲಗ್ಗಿಗೆ ಅಂಟಿದ್ದು ಹೀಗೆ ಶುರುವಾದ ಸವೆತದ ಕೊನೆ.

ಇದಕ್ಕಾಗಿಯೇ ಹೌಸಿಂಗಿನ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸುತ್ತಾರೆ. ಮೂಗಿಗೆ ಬಡಿಯುವ ಆ ಘಾಟು ಗಂಧಕದ್ದು. ತಣ್ಣಗಿದ್ದಾಗ ಅವು ಸುಮ್ಮನಿರುತ್ತವೆ. ಹಲ್ಲುಗಳ ನಡುವೆ ಎಣ್ಣೆ ಹಿಂಡಿಹೋಗಿ ಕಾವು ಏರಿದ ಜಾಗದಲ್ಲಿ ಮಾತ್ರ ಕಬ್ಬಿಣದ ಜೊತೆ ಸೇರಿ ತೆಳುವಾದ ಒಂದು ಲೇಪ ಕಟ್ಟುತ್ತವೆ. ದೋಸೆ ಕಾವಲಿ ಪಳಗಿಸುವುದು ಗೊತ್ತಿರುವವರಿಗೆ ಇದು ಹೊಸದಲ್ಲ. ತಣ್ಣನೆ ಕಬ್ಬಿಣಕ್ಕೆ ಎಷ್ಟು ಎಣ್ಣೆ ಸುರಿದರೂ ಪ್ರಯೋಜನವಿಲ್ಲ, ಕಾದ ಕಾವಲಿಗೆ ಸವರಿದಾಗಲೇ ಅದು ಮೈಗೆ ಹತ್ತಿ ಹಿಟ್ಟು ಅಂಟದಂತೆ ಕಾಯುತ್ತದೆ. ಹೌಸಿಂಗಿನಲ್ಲಿ ಆ ಲೇಪ ಹಲ್ಲಿನ ಬದಲು ತಾನು ಸವೆಯುತ್ತದೆ, ಸವೆದ ಕಡೆ ಮತ್ತೆ ಕಟ್ಟಿಕೊಳ್ಳುತ್ತದೆ. ಕಟ್ಟಲು ಬೇಕಾದ ಸರಕು ಎಣ್ಣೆಯಲ್ಲಿ ಇರುವಷ್ಟು ದಿನ ಹಲ್ಲು ಉಳಿಯುತ್ತದೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಬಹಳ ಕಾಲ ಈ ಸರಕಿನ ಒಂದು ಭಾಗ ಬರುತ್ತಿದ್ದದ್ದು ಸಮುದ್ರದಿಂದ. ಸ್ಪರ್ಮ್ ಎಂಬ ಜಾತಿಯ ತಿಮಿಂಗಿಲದ ಎಣ್ಣೆಗೆ ಗಂಧಕ ಸೇರಿಸಿ ಗೇರ್ ಎಣ್ಣೆಯಲ್ಲಿ ಬೆರೆಸುತ್ತಿದ್ದರು. ಲೋಹಕ್ಕೆ ಅಂಟಿ ನಿಲ್ಲುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಆ ತಿಮಿಂಗಿಲ ಅಳಿವಿನಂಚಿಗೆ ಬಂದ ಮೇಲೆ, 1970ರ ದಶಕದ ಆರಂಭದಲ್ಲಿ ಅಮೆರಿಕ ಅದರ ಎಣ್ಣೆಯ ಆಮದು ನಿಲ್ಲಿಸಿತು. ಎಣ್ಣೆ ತಯಾರಕರು ಬೇರೆ ದಾರಿ ಹುಡುಕಲೇಬೇಕಾಯಿತು, ಹುಡುಕಿದರು. ಒಂದು ಪ್ರಾಣಿಯ ಕುಲವನ್ನೇ ಅಳಿವಿನಂಚಿಗೆ ತಳ್ಳುವ ಮುನ್ನ ಈ ಹುಡುಕಾಟಕ್ಕೆ ಯಾರೂ ಕೈಹಾಕಲಿಲ್ಲವಲ್ಲ ಎಂಬ ಸಂಕಟ ನನ್ನದು.

ಡಬ್ಬದ ಮೇಲಿನ ಜಿಎಲ್ ಸಂಖ್ಯೆ ಹೇಳುವುದು ಈ ರಕ್ಷಣೆ ಎಷ್ಟಿದೆ ಎಂಬುದನ್ನು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಮಾಡಿದ ವಿಂಗಡಣೆ ಅದು. ಜಿಎಲ್-4ರಲ್ಲಿ ಇರುವ ಗಂಧಕ-ರಂಜಕದ ಸುಮಾರು ಎರಡರಷ್ಟು ಜಿಎಲ್-5ರಲ್ಲಿ ಇರುತ್ತದೆ. ಭಾರ ಹೊರುವ ಹೈಪಾಯ್ಡ್ ಕ್ರೌನಿಗೆ ಬೇಕಾದ್ದು ಜಿಎಲ್-5. ಹಾಗಾದರೆ ಗೇರ್‌ಬಾಕ್ಸಿಗೂ ಅದನ್ನೇ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಅನೇಕರು ಕೇಳುತ್ತಾರೆ. ಅಲ್ಲ. ಗೇರ್‌ಬಾಕ್ಸಿನ ಒಳಗೆ ಹಿತ್ತಾಳೆ, ಕಂಚಿನ ಉಂಗುರಗಳಿರುತ್ತವೆ, ಗೇರು ಬದಲಿಸುವಾಗ ಎರಡು ವೇಗಗಳನ್ನು ಸಮ ಮಾಡುವುದು ಅವೇ. ಹೆಚ್ಚಿನ ಗಂಧಕ ಆ ಹಳದಿ ಲೋಹವನ್ನು ತಿನ್ನುತ್ತದೆ. ಸಾಲದ್ದಕ್ಕೆ, ಜಾರುವ ಎಣ್ಣೆಯಲ್ಲಿ ಉಂಗುರಕ್ಕೆ ಹಿಡಿತ ಸಿಗದೆ ಗೇರು ಕೂರುವುದೂ ಕಷ್ಟ. ಗೇರ್‌ಬಾಕ್ಸು ಮತ್ತು ಹೌಸಿಂಗು ಒಂದೇ ಶಾಫ್ಟಿನ ಎರಡು ತುದಿಯಲ್ಲಿದ್ದರೂ ಅವುಗಳ ಊಟ ಬೇರೆ ಬೇರೆ. ಒಂದೇ ಪೀಪಾಯಿಯಿಂದ ಎರಡಕ್ಕೂ ಸುರಿಯುವ ಅಭ್ಯಾಸವನ್ನು ನಾನು ಎಷ್ಟು ಊರುಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ.

ಇನ್ನು 90, 140 ಎಂಬ ನಂಬರುಗಳು. ಇವು ಹೇಳುವುದು ಎಣ್ಣೆಯ ಮಂದವನ್ನು ಮಾತ್ರ, ಬಲವನ್ನಲ್ಲ. 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 90ರ ಎಣ್ಣೆಯ ಮಂದ 13.5ರಿಂದ 18.5 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು, 140ರದ್ದು 24ರಿಂದ 32.5ರ ಒಳಗೆ. ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಎಂಜಿನ್ ಆಯಿಲಿನ 40 ನಂಬರಿಗೂ ಹೌಸಿಂಗಿನ 90 ನಂಬರಿಗೂ ಹೋಲಿಕೆ ಮಾಡಿ, ಇದು ಎರಡು ಪಟ್ಟು ಗಟ್ಟಿ ಎಂದುಕೊಳ್ಳುವವರಿದ್ದಾರೆ. ಎರಡೂ ಬೇರೆ ಬೇರೆ ಅಳತೆಕೋಲುಗಳು. 40ರ ಎಂಜಿನ್ ಆಯಿಲ್ 12.5ರಿಂದ 16.3ರವರೆಗೆ, 50ರದ್ದು 16.3ರಿಂದ 21.9ರವರೆಗೆ. ಅಂದರೆ 90ರ ಗೇರ್ ಎಣ್ಣೆ ಮಂದದಲ್ಲಿ ಇವುಗಳ ಜೊತೆಗೇ ಬಂದು ನಿಲ್ಲುತ್ತದೆ.

80ಡಬ್ಲ್ಯು-90 ಎಂದು ಬರೆದಿದ್ದರೆ ಅದರ ಡಬ್ಲ್ಯು ಚಳಿಯ ಲೆಕ್ಕ. 85ಡಬ್ಲ್ಯು ಎಣ್ಣೆ ಸೊನ್ನೆಗಿಂತ 12 ಡಿಗ್ರಿ ಕೆಳಗಿನವರೆಗೆ ಹರಿಯುವ ಗುಣ ಉಳಿಸಿಕೊಂಡಿರಬೇಕು, 80ಡಬ್ಲ್ಯು 26 ಡಿಗ್ರಿ ಕೆಳಗೆ, 75ಡಬ್ಲ್ಯು 40 ಡಿಗ್ರಿ ಕೆಳಗೆ. ಬಳ್ಳಾರಿಯಿಂದ ಮಂಗಳೂರಿಗೆ ಓಡಾಡುವ ಗಾಡಿಗೆ ಈ ಅಂಕಿಯಿಂದ ಆಗಬೇಕಾದ್ದು ಏನೂ ಇಲ್ಲ. ಚಳಿಗಾಲದಲ್ಲಿ ದ್ರಾಸ್ ಕಡೆ ಹೋಗುವ ಗಾಡಿಗೆ ಅದೇ ಜೀವಾಳ.

ಗಟ್ಟಿ ಎಣ್ಣೆ ಅಂದರೆ ಒಳ್ಳೆಯ ಎಣ್ಣೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಜೇನು, ಬೆಲ್ಲದ ಪಾಕ, ಎಮ್ಮೆ ಹಾಲು, ಎಲ್ಲದರಲ್ಲೂ ಮಂದವೇ ಮೇಲು ಎಂದು ಬೆಳೆದವರು ನಾವು. ಹೌಸಿಂಗಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಪಂಪು ಇರುವುದಿಲ್ಲ, ಸಾಮಾನ್ಯ ಲಾರಿಗಳಲ್ಲಂತೂ ಇಲ್ಲ. ಕ್ರೌನಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿರುತ್ತದೆ, ತಿರುಗುವಾಗ ಅದು ಮೇಲಕ್ಕೆ ಎರಚಿದ ಎಣ್ಣೆಯೇ ಪಿನಿಯನ್ನಿನ ಬೇರಿಂಗಿಗೆ ಹರಿದು ಹೋಗಬೇಕು. ಬೇಕಾದ್ದಕ್ಕಿಂತ ಮಂದವಾದ ಎಣ್ಣೆ ಬೆಳಗಿನ ಹೊತ್ತು ಅಲ್ಲಿಗೆ ತಡವಾಗಿ ತಲುಪುತ್ತದೆ. ಅದನ್ನು ಕಡೆಯುವುದಕ್ಕೇ ಡೀಸೆಲ್ ಖರ್ಚಾಗುತ್ತದೆ, ಕಡೆದ ಎಣ್ಣೆ ತಾನೇ ಕಾಯುತ್ತದೆ. ಕಾವು ಹತ್ತು ಡಿಗ್ರಿ ಏರಿದರೆ ಎಣ್ಣೆ ಹಾಳಾಗುವ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ಮಂದ ಎಣ್ಣೆಗೆ ಇನ್ನೊಂದು ಉಪಯೋಗ ಇದೆ, ಅದು ಮಾತ್ರ ನನಗೆ ಸಿಟ್ಟು ತರಿಸುತ್ತದೆ: ಸವೆದ ಕ್ರೌನಿನ ಸದ್ದನ್ನು ಅದು ಕೆಲವು ದಿನ ಅಡಗಿಸುತ್ತದೆ. ಹಳೆ ಗಾಡಿ ಮಾರುವವರು 140 ತುಂಬಿಸಿ ಓಡಿಸಿ ತೋರಿಸುತ್ತಾರೆ. ಕೊಂಡವನು ಸಾಲ ಮಾಡಿ ತಂದ ಬಡವ.

ಹಾಗೆಂದು 140 ಬೇಡವೇ ಬೇಡ ಎಂದಲ್ಲ. ಸಂಡೂರಿನ ಬಿಸಿಲಲ್ಲಿ ಅದಿರು ತುಂಬಿಕೊಂಡು ಗಣಿಯ ಏರಿನಲ್ಲಿ ನಡೆಯುವ ವೇಗಕ್ಕೆ ತೆವಳುವ ಟಿಪ್ಪರಿಗೆ ಅದು ಬೇಕಾಗಬಹುದು. ವೇಗ ಕಡಿಮೆಯಾದಾಗ ಎಣ್ಣೆಯ ಪೊರೆ ತೆಳುವಾಗುತ್ತದೆ, ಭಾರ ಮಾತ್ರ ಹಾಗೇ ಇರುತ್ತದೆ. ಅಲ್ಲಿ 85ಡಬ್ಲ್ಯು-140 ಹಾಕುವುದಕ್ಕೆ ಅರ್ಥವಿದೆ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡುವ ಗಾಡಿಗೆ 80ಡಬ್ಲ್ಯು-90 ಸಾಮಾನ್ಯವಾಗಿ ಸಾಕು. ಕೊನೆಯ ಮಾತು ಗಾಡಿಯ ಜೊತೆ ಬಂದ ಪುಸ್ತಕದ್ದು. ಆ ಪುಸ್ತಕ ಬಹುಪಾಲು ಲಾರಿಗಳಲ್ಲಿ ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರುವುದಿಲ್ಲ. ಮಾಲೀಕರ ಮನೆಯ ಬೀರುವಿನಲ್ಲಿ ಆರ್‌ಸಿ ಜೊತೆ ಭದ್ರವಾಗಿರುತ್ತದೆ, ಎಣ್ಣೆ ಹಾಕಿಸುವ ಡ್ರೈವರ್ ನೂರಾರು ಮೈಲಿ ಆಚೆ ಇರುತ್ತಾನೆ. ಆ ಒಂದು ಪುಟದ ಫೋಟೋ ತೆಗೆದು ಡ್ರೈವರ್ ಫೋನಿಗೆ ಕಳಿಸಲು ಎಷ್ಟು ಹೊತ್ತು ಬೇಕು?

ಹೊರೆಯ ಮಾತನ್ನೂ ಆಡಬೇಕು. ನಾಲ್ಕು ಟೈರಿನ ಒಂದು ಆ್ಯಕ್ಸಲ್ ಮೇಲೆ ಹೇರಬಹುದಾದ ಭಾರದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಆ ಮಿತಿಯನ್ನೂ ಮೀರಿ ತುಂಬುವವರಿದ್ದಾರೆ. ಜಿಎಲ್-5 ಹಾಕಿದ್ದೇವೆ ಎಂಬ ಧೈರ್ಯದಲ್ಲಿ ಐದು ಟನ್ ಹೆಚ್ಚು ಹೇರಿದರೆ ಯಾವ ಗಂಧಕವೂ ಹಲ್ಲನ್ನು ಉಳಿಸುವುದಿಲ್ಲ.

ಮಾರನಹಳ್ಳಿಯ ಕೆಳಗೆ ನಿಂತ ನಮ್ಮ ಗಾಡಿಗೆ ಪಿನಿಯನ್ ಒಂದೇ ಸಾಲಲಿಲ್ಲ, ಕ್ರೌನೂ ಹೊಸದಾಗಿ ಬೇಕಾಯಿತು. ಈ ಎರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ, ಹೊಂದಿಸಿ, ಒಂದೇ ಜೋಡಿ ನಂಬರ್ ಹಾಕಿ ಕಳಿಸುತ್ತಾರೆ. ಒಂದರ ಹಲ್ಲು ಇನ್ನೊಂದರ ಮೈಯನ್ನು ಗುರುತಿಟ್ಟುಕೊಂಡಿರುತ್ತದೆ. ಒಂದು ಹೋದರೆ ಎರಡನ್ನೂ ಬದಲಿಸಬೇಕು, ಗಂಡ ಹೆಂಡತಿ ಹಾಗೆ ಎಂದು ಮೇಸ್ತ್ರಿ ಹೇಳಿದ್ದು ನೆನಪಿದೆ. ಮೈಸೂರಿನ ಹೂಟಗಳ್ಳಿಯಲ್ಲಿ ಆಟೋಮೋಟಿವ್ ಆ್ಯಕ್ಸಲ್ಸ್ ಎಂಬ ಕಂಪನಿಯ ಕಾರ್ಖಾನೆ ಇದೆ. 1981ರಲ್ಲಿ ಹುಟ್ಟಿದ ಕಂಪನಿ, ಲಾರಿಗಳ ಹಿಂದಿನ ಆ್ಯಕ್ಸಲನ್ನೇ ತಯಾರಿಸುತ್ತದೆ. ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ನನಗೆ ಹೀಗೆ ಜೋಡಿಯಾಗಿ ಹೊರಬೀಳುವ ಗೇರುಗಳು ನೆನಪಾಗುತ್ತವೆ. ಆ ವರ್ಷ ಕ್ರೌನ್-ಪಿನಿಯನ್ ಸೆಟ್ಟಿಗಾಗಿ ಚಿಕ್ಕಮ್ಮನ ಬಳೆ ಸೊಸೈಟಿಯ ಕಬ್ಬಿಣದ ಪೆಟ್ಟಿಗೆ ಸೇರಿತು. ಬಿಡಿಸಿಕೊಂಡು ಬರಲು ಎರಡು ಯುಗಾದಿ ಕಳೆಯಬೇಕಾಯಿತು. ಸರಿಯಾದ ಎಣ್ಣೆಗೂ ತಪ್ಪು ಎಣ್ಣೆಗೂ ಇದ್ದ ಬೆಲೆಯ ಅಂತರದಲ್ಲಿ ಒಂದು ಹೊತ್ತಿನ ಊಟವನ್ನೂ ಮಾಡಲಾಗುತ್ತಿರಲಿಲ್ಲ.

ಅಲ್ಲಿಂದಾಚೆಗೆ ಚಿಕ್ಕಪ್ಪ ಹೌಸಿಂಗಿನ ವಿಷಯದಲ್ಲಿ ಯಾರನ್ನೂ ನಂಬಲಿಲ್ಲ. ಗಾಡಿಯನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಲೆವೆಲ್ ಪ್ಲಗ್ ತಾವೇ ಬಿಚ್ಚಿ, ಕಿರುಬೆರಳು ಒಳಗಿಟ್ಟು ನೋಡುತ್ತಿದ್ದರು. ಎಣ್ಣೆ ತೂತಿನ ಕೆಳಅಂಚಿಗೆ ಸರಿಯಾಗಿ ನಿಂತಿರಬೇಕು. ಹೆಚ್ಚಾದರೆ ನೊರೆ ಬರುತ್ತದೆ, ಕಡಿಮೆಯಾದರೆ ಪಿನಿಯನ್ ಬೇರಿಂಗು ಒಣಗುತ್ತದೆ. ಬೆರಳಿಗೆ ಹತ್ತಿದ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಮಲೆನಾಡಿನ ಮಳೆಯಲ್ಲಿ ಇದು ಎಷ್ಟು ಸುಲಭವಾಗಿ ಆಗುತ್ತದೆ ಎಂಬುದು ಬೇರೆ ಕಡೆಯವರಿಗೆ ಗೊತ್ತಾಗುವುದಿಲ್ಲ. ಘಾಟಿ ಹತ್ತಿ ಕಾದ ಹೌಸಿಂಗು ರಸ್ತೆಗೆ ಹರಿದ ಹಳ್ಳದ ನೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ, ಸಿಕ್ಕ ಸಂದಿನಿಂದೆಲ್ಲ ನೀರನ್ನು ಒಳಗೆಳೆಯುತ್ತದೆ.

ಹೌಸಿಂಗಿನ ನೆತ್ತಿಯಲ್ಲಿ ಬ್ರೀದರ್ ಎಂಬ ಬಟನ್ನಿನಷ್ಟು ಚಿಕ್ಕ ಸಾಮಾನೊಂದಿದೆ. ಕಾದ ಗಾಳಿ ಅದರಿಂದ ಹೊರಹೋಗಬೇಕು. ಕೆಸರು ಮೆತ್ತಿ ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನ ಮೂಲಕ ಹಬ್ಬಿಗೆ ನೂಕುತ್ತದೆ, ಹಬ್ಬಿನಿಂದ ಅದು ಬ್ರೇಕ್ ಲೈನರಿಗೆ ಇಳಿಯುತ್ತದೆ. ಎಣ್ಣೆ ಕುಡಿದ ಲೈನರಿನ ಮೇಲೆ ಶಿರಾಡಿ ಇಳಿಯುವುದೆಂದರೆ ಏನು ಎಂಬುದನ್ನು ಡ್ರೈವರುಗಳ ಮನೆಯವರನ್ನು ಕೇಳಬೇಕು. ಜಾಗ ಸಣ್ಣದು, ಬಿಚ್ಚಿ ಊದಿ ಹಾಕಲು ಐದು ನಿಮಿಷ ಸಾಕು. ಆಯುಧಪೂಜೆಯ ದಿನ ಗಾಡಿಯ ಮುಖಕ್ಕೆಲ್ಲ ಹೂವು ಕಟ್ಟುವ ನಾವು ಹಿಂದಿನ ಈ ಬಟನ್ನನ್ನು ವರ್ಷಕ್ಕೊಮ್ಮೆಯೂ ಮುಟ್ಟಿ ನೋಡುವುದಿಲ್ಲ.

ಫೋನಿನಲ್ಲಿ ತಮ್ಮ ಡಬ್ಬ ತಿರುಗಿಸಿ ಓದುತ್ತಿದ್ದ. ಅಂಗಡಿಯ ದೀಪ ಮಂಕಾಗಿದೆ ಎಂದ. ಸ್ವಲ್ಪ ಹೊತ್ತಾದ ಮೇಲೆ, "ಅಪ್ಪಾ, 140ರ ಮೇಲೆ ಜಿಎಲ್-4 ಅಂತೈತೆ. 90ರ ಮೇಲೆ ಜಿಎಲ್-5 ಐತೆ" ಎಂದ.

"ನಿನ್ನ ಗಾಡಿ ಪುಸ್ತಕದಲ್ಲಿ ಏನೈತೆ?"

"80ಡಬ್ಲ್ಯು-90, ಜಿಎಲ್-5. ಫೋಟೋ ಐತೆ ನನ್ ಹತ್ರ."

"ಸೀಲ್ ಇರೋ ಡಬ್ಬ ತಗೋ. ಬಿಡಿ ಆಯಿಲ್ ಬೇಡ."

"ಆಯ್ತು."

ಚಿಕ್ಕಪ್ಪ ಫೋನ್ ಇಡಲಿಲ್ಲ. ತಟ್ಟೆಯಲ್ಲಿ ಸಾರು ಆರುತ್ತಿತ್ತು. "ಆಯಿಲ್ ಹಾಕೋದು ಸರಿ ಮಗ," ಎಂದರು, "ಸೋರಿದ್ದು ಯಾಕೆ ಅಂತ ನೋಡ್ದಾ? ಬ್ರೀದರ್ ಬಿಚ್ಚಿ ಊದಿದ್ಯಾ? ಎಡಗಡೆ ಚಕ್ರದ ಒಳಗೆ ಕೈ ಹಾಕಿ ನೋಡು, ಡ್ರಮ್ ಹತ್ರ ಜಿಡ್ಡೈತಾ?"

ಕೆಳಗೆ ನುಸುಳಿದ ತಮ್ಮನ ಉಸಿರಾಟ ಸ್ಪೀಕರಿನಲ್ಲಿ ಕೇಳುತ್ತಿತ್ತು.